ಶಂಕ್ರೆಪ್ಪನ ಮಟನ್, ಮಲ್ಲವ್ವನ ಸಾರು

ಆಂಟಾಪ್ ಹಿಲ್‌ನ ಆ ಚಾಳಿನಲ್ಲಿ ಗೌಂಡಿ ಶಂಕ್ರೆಪ್ಪನನ್ನು ಅರಿಯದವರಿಲ್ಲ. ಅವನು ಪ್ಲಾಸ್ಟರ್ ಹೊಡೆದ ಗೋಡೆಯ ಮೇಲೆ ಕೈಯಾಡಿಸಿದರೆ ಒಂದು ಹರಳೂ ತಾಗದು. ಅಂಥ ಶಂಕ್ರೆಪ್ಪ ಆ ಸೋಮವಾರ ಹಾಸಿಗೆ ಬಿಟ್ಟು ಏಳಲಾರದೆ ಕೂತಿದ್ದ. ಬಲಗಾಲಿನ ಹೆಬ್ಬೆರಳು ಊದಿ ಕೆಂಪೇರಿತ್ತು. ಚಾದರದ ಅಂಚು ತಾಗಿದರೂ ಜೀವ ಹೋದಂತಾಗುತ್ತಿತ್ತು. ವರ್ಷದಲ್ಲಿ ಇದು ಮೂರನೆಯ ಸಲ. ಸಾಂತಾಕ್ರೂಜ್ ಸೈಟಿನ ಕೆಲಸ ಮತ್ತೆ ನಿಂತಿತು.

ಹೆಂಡತಿ ಮಲ್ಲವ್ವ ಅವನ ಪಕ್ಕದಲ್ಲಿ ನೀರಿನ ತಂಬಿಗೆ ಇಟ್ಟು ಕೆಲಸಕ್ಕೆ ಹೊರಟಳು. ಅವಳಿಗೆ ನಾಲ್ಕು ಮನೆಗಳ ಕಸ, ಮುಸುರೆ. ಒಂದು ಐದು ಮಹಡಿಯ ಬಿಲ್ಡಿಂಗಿಗೆ ಲಿಫ್ಟೇ ಇರಲಿಲ್ಲ. ಪ್ರತಿ ಮಹಡಿಗೂ ಒಮ್ಮೆ ಮೆಟ್ಟಿಲ ಮೇಲೆ ಕೂತು ಉಸಿರು ತಗೊಂಡು ಏಳುವಳು. ಇಷ್ಟು ದಣಿವು ಯಾಕೆ ಎಂದು ಯಾರೂ ಕೇಳಿರಲಿಲ್ಲ. ದುಡಿಯುವ ಹೆಂಗಸಿಗೆ ದಣಿವು ಇದ್ದದ್ದೇ ಎಂದು ಅವಳೂ ಸುಮ್ಮನಿದ್ದಳು.

ಸಂಜೆ ಆರೋಗ್ಯ ಸೇವಿಕೆ ಇಂದ್ರಾಬಾಯಿ ಬಂದರು. ಸೊಲ್ಲಾಪುರದ ಕಡೆಯವರು, ಮನೆಮಾತು ಕನ್ನಡ. ಬೆಳಿಗ್ಗೆಯಿಂದ ಮನೆ ಮನೆ ಹತ್ತಿ ಇಳಿದು ಅವರಿಗೂ ಸಾಕಾಗಿತ್ತು. ಹೊಸ್ತಿಲಲ್ಲೇ ಕೂತು ಶಂಕ್ರೆಪ್ಪನ ಕಾಲು ನೋಡಿದರು.

"ಮತ್ತ ಊದೇತಲ್ಲೋ ತಮ್ಮಾ. ಡಾಕ್ಟರು ಏನಂದಿದ್ರು?"

"ಅದs ಯೂರಿಕ್ ಆಸಿಡ್ ಅಂದ್ರು. ಮಟನ್ ಕಡಿಮಿ ಮಾಡು ಅಂದ್ರು. ಅದು ಆಗೂ ಮಾತೇನ್ರಿ?"

ಮಲಾಡ್‌ನ ಆಫೀಸಿನಿಂದ ಮರಳುತ್ತಿದ್ದ ಪಕ್ಕದ ಮನೆಯ ಗುರುಬಸವ ಮಾತು ಕೇಳಿ ನಿಂತ. "ಕಡಿಮಿ ಯಾಕ, ಪೂರಾ ಬಿಡು ಅಂತ ನಾ ಮೊದಲಿಂದನೂ ಹೇಳಾಕತ್ತೀನಿ. ನಮ್ಮ ಮನ್ಯಾಗ ಯಾರೂ ಮುಟ್ಟಂಗಿಲ್ಲ."

ಶಂಕ್ರೆಪ್ಪನಿಗೆ ರೇಗಿತು. "ನಿಮ್ಮ ಊಟ ನಿಮಗ, ನಮ್ಮ ಊಟ ನಮಗ್ರಿ. ಖುರ್ಚಿ ಮ್ಯಾಲಿನ ಕೆಲಸಕ್ಕ ಅನ್ನ-ಸಾರು ಸಾಕು. ಬಿಸಲಾಗ ಸಿಮೆಂಟ್ ಎಳಿಯೂ ಮೈಗೆ ಖಂಡ ಬೇಕು. ಖಂಡ ಮುಟ್ಟದ ನಿಮಗ ಶುಗರ್ ಯಾಕ ಬಂತು, ಹೇಳ್ರಿ ನೋಡೂಣು?"

ಗುರುಬಸವ ಹೆಗಲ ಮೇಲಿನ ಬ್ಯಾಗು ಸರಿಮಾಡಿಕೊಂಡ.

"ಸಾಕು ಮಾಡ್ರೆಪ್ಪಾ," ಎಂದರು ಇಂದ್ರಾಬಾಯಿ. "ಯಾರ ಊಟಾನೂ ಹೀನ ಅಲ್ಲ. ಅಳತಿ ತಪ್ಪಿದ್ರ ಸಿಹಿನೂ ಕೆಡಸ್ತೈತಿ, ಖಂಡಾನೂ ಕೆಡಸ್ತೈತಿ. ಶಂಕ್ರೆಪ್ಪಾ, ವಾರದಾಗ ಎಷ್ಟು ಸಲ ತಿಂತಿ?"

ಶಂಕ್ರೆಪ್ಪ ಬೆರಳು ಮಡಚಿದ. ರವಿವಾರ ಮಟನ್. ಸೋಮವಾರ ಉಳಿದದ್ದು. ಬುಧವಾರ ಸೈಟಿನ ಹತ್ತಿರ ಕಲೇಜಿ, ಕುರಿಯ ಯಕೃತ್ತು. ಶುಕ್ರವಾರ ಕಾಲು ಸೂಪು. ಶನಿವಾರ ಗೆಳೆಯರ ಜೊತೆ ಬಾಟಲಿ, ಖೀಮಾ. ಒಂದು ಕೈ ಮುಗಿಯಿತು.

"ಕಲೇಜಿ, ಸೂಪು, ದಾರು, ಇವು ಮೂರೂ ನಿನ್ನ ಬೆರಳಿಗೆ ಬೆಂಕಿ ಹಚ್ಚೂವು," ಎಂದರು ಇಂದ್ರಾಬಾಯಿ. "ಅವನ್ನ ಬಿಡು. ಮಟನ್ ತಿಂಗಳಿಗೆ ಎರಡು ಸಲ, ಎರಡು ತುಣುಕು. ನೀರು ಭಾಳ ಕುಡಿ. ಕೊಟ್ಟ ಗುಳಿಗಿ ನಡುವ ಬಿಡಬ್ಯಾಡ."

"ಮತ್ತ ಕಸುವು ಎಲ್ಲಿಂದ ಬರ್ತೈತ್ರಿ?"

"ಬ್ಯಾಳಿ, ಹೆಸರುಕಾಳು, ಶೇಂಗಾ, ಮೊಸರು, ತತ್ತಿ. ರೊಟ್ಟಿ-ಕಾಳುಪಲ್ಯ ತಿಂದು ಹೊಲ ಹೂಡಿದವ್ರಿಗೆ ಕಸುವು ಇದ್ದಿದ್ದಿಲ್ಲೇನು?"

ಶಂಕ್ರೆಪ್ಪ ಮುಖ ತಿರುಗಿಸಿದ. ಅಷ್ಟರಲ್ಲಿ ಕೆಲಸದಿಂದ ಮರಳಿ ಚಹಾ ಮಾಡಿ ತಂದ ಮಲ್ಲವ್ವ ಬಗ್ಗಿ ಏಳುವಾಗ ಗೋಡೆ ಹಿಡಿದು ನಿಂತಳು. ಇಂದ್ರಾಬಾಯಿ ಅವಳನ್ನು ಹತ್ತಿರ ಕರೆದು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಬೆಳ್ಳಗಿತ್ತು.

"ರವಿವಾರ ನಿನ್ನ ತಾಟಿಗೆ ಎಷ್ಟು ತುಣುಕು ಬೀಳ್ತಾವವ್ವಾ?"

"ನನಗ ಸಾರು ಸಾಕಾಗ್ತೈತ್ರಿ ಅಕ್ಕಾರ. ಅವರು ದುಡಿಯಾವ್ರು, ಗೆಳೆಯಾರೂ ಬರ್ತಾರ. ಕಡೀಗೆ ಉಳದ್ರ..."

"ಉಳೀತೈತೇನು?"

"ಉಳದದ್ದು ಸೋಮವಾರ ಅವರ ಡಬ್ಬಿಗೆ ಹೋಗ್ತೈತ್ರಿ," ಎಂದಳು ಮಲ್ಲವ್ವ.

"ನನಗ ಗೊತ್ತಿದ್ದಿಲ್ಲ," ಎಂದ ಶಂಕ್ರೆಪ್ಪ, ಸಣ್ಣ ದನಿಯಲ್ಲಿ.

"ಹನ್ನೆರಡು ವರ್ಷ ನನ್ನ ಎದುರಿಗೇ ಕೂತು ಉಂಡೀರಿ," ಎಂದಳು ಮಲ್ಲವ್ವ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿಗೂ ಮೈಯಲ್ಲಿ ಕಸುವು ಬೇಕಲ್ಲ.

ಕಾಲಿನ ಊತ ಇಳಿದ ಮೇಲೆ ಇಬ್ಬರೂ ದವಾಖಾನೆಗೆ ಹೋಗಿ ರಕ್ತ ಕೊಟ್ಟು ಬಂದರು. ಅವನ ಯೂರಿಕ್ ಆಸಿಡ್ ಏರಿತ್ತು. ಅವಳ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಡಾಕ್ಟರು ಅವನಿಗೆ ಬೇರೆ ಗುಳಿಗೆ, ಅವಳಿಗೆ ಕಬ್ಬಿಣಾಂಶದ ಗುಳಿಗೆ ಬರೆದರು. "ಒಂದs ಮನಿ, ಒಂದs ಒಲಿ," ಎಂದರು ಮನೆಗೆ ಬಂದು ಚೀಟಿ ನೋಡಿದ ಇಂದ್ರಾಬಾಯಿ. "ಇವಂಗ ಕಡಿಮಿ ಆಗಬೇಕು, ನಿನಗ ಸ್ವಲ್ಪರ ಸಿಗಬೇಕು. ಸೊಪ್ಪಿನ ಪಲ್ಯಕ್ಕ ಲಿಂಬಿ ಹಿಂಡ್ಕೋ. ಉಂಡ ಕೂಡಲೇ ಚಹಾ ಕುಡೀಬ್ಯಾಡ."

ಎರಡು ವಾರ ಶಂಕ್ರೆಪ್ಪ ಗೊಣಗುತ್ತಲೇ ಬೇಳೆ ತಿಂದ. ಮೂರನೆಯ ಶನಿವಾರ ಸೈಟಿನ ಗೆಳೆಯನೊಬ್ಬ ಕುಡಿಯಲು ಕರೆದು ಕೂರಿಸಿಕೊಂಡ. ಒಂದಿನಕ್ಕೆ ಏನಾಗುತ್ತದೆ ಎಂದು ಕುಡಿದ, ಕಲೇಜಿ ತಿಂದ. ಸೋಮವಾರ ಬೆರಳು ಮತ್ತೆ ಊದಿತು.

ಮಲ್ಲವ್ವ ಬೈಯಲಿಲ್ಲ. ಅವನ ಕಾಲು ನೋಡಿದಳು, ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದಳು. ಬೈದಿದ್ದರೆ ತಿರುಗಿ ಎರಡು ಮಾತು ಆಡಬಹುದಿತ್ತು. ಆ ಮೌನ ದಿನವಿಡೀ ಶಂಕ್ರೆಪ್ಪನನ್ನು ಕೊರೆಯಿತು. ಈ ಕಾಲು ಹೀಗೇ ಮೂಲೆ ಹಿಡಿದರೆ ಮನೆಯ ಭಾರವೆಲ್ಲ ಯಾರ ಮೇಲೆ ಬೀಳುತ್ತದೆ? ಮೆಟ್ಟಿಲು ಹತ್ತಲಾರದ ಆ ಜೀವದ ಮೇಲೆ.

ಸಂಜೆ ಅವಳು ಬರುವಷ್ಟರಲ್ಲಿ ಹೆಸರುಕಾಳು ನೆನೆದಿತ್ತು. ಶಂಕ್ರೆಪ್ಪ ಕಾಲು ಚಾಚಿ ಕೂತು ಮೆಂತೆಸೊಪ್ಪು ಬಿಡಿಸುತ್ತಿದ್ದ, ಬೇರು ಅರ್ಧ ಅಲ್ಲೇ ಉಳಿದಿತ್ತು. ಮಲ್ಲವ್ವ ನೋಡಿದಳು, ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಎಳೆದುಕೊಂಡಳು.

"ಇನ್ನ ಗೆಳೆಯಾರು ಕರದ್ರ?" ಎಂದಳು.

"ಚಹಾ ಕುಡ್ದು ಬರ್ತೀನಿ."

ಅದಾಗಿ ನಾಲ್ಕು ತಿಂಗಳು. ಬೆರಳು ಮತ್ತೆ ಊದಿಲ್ಲ. ತಿಂಗಳಿಗೆ ಎರಡು ರವಿವಾರ ಮಟನ್ ಆಗುತ್ತದೆ. ಮಲ್ಲವ್ವ ಅವನ ಜೊತೆಗೇ ಉಣ್ಣುತ್ತಾಳೆ, ಅವಳ ತಾಟಿಗೆ ಮೊದಲು ಬಡಿಸುವವನು ಅವನು. ಅವಳ ಹಿಮೋಗ್ಲೋಬಿನ್ ಹತ್ತು ದಾಟಿದೆ. ದಣಿವು ಪೂರ್ತಿ ಹೋಗಿಲ್ಲ, ನಾಲ್ಕು ಮನೆಯ ಕೆಲಸವೂ ಕಡಿಮೆಯಾಗಿಲ್ಲ. ಆದರೆ ಈಗ ಐದು ಮಹಡಿಗೆ ಒಂದೇ ಸಲ ಕೂರುತ್ತಾಳೆ. ಬೇಳೆ ಬೇಳೆಯೇ, ಮಟನ್ ಮಟನ್ನೇ ಎಂದು ಶಂಕ್ರೆಪ್ಪ ಇಂದಿಗೂ ಗೊಣಗುತ್ತಾನೆ. ಗೊಣಗುತ್ತಲೇ ಎರಡನೆಯ ಸಲ ಬೇಳೆ ಹಾಕಿಸಿಕೊಳ್ಳುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಮಾಂಸ ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ನಿಮ್ಮ ಮನೆಯಲ್ಲೂ ಒಬ್ಬರಿಗೆ ಹೆಚ್ಚಾಗಿ, ಇನ್ನೊಬ್ಬರಿಗೆ ಬರೀ ಸಾರು ಉಳಿಯುತ್ತಿರಬಹುದು. ಇವತ್ತು ಉಣ್ಣಲು ಕೂತಾಗ ಪಕ್ಕದವರ ತಾಟನ್ನೊಮ್ಮೆ ನೋಡಿ. ಕೀಲು ಊದುತ್ತಿದ್ದರೆ, ಸುಮ್ಮಸುಮ್ಮನೆ ದಣಿವಾಗುತ್ತಿದ್ದರೆ, ಇಬ್ಬರೂ ಕೂಡಿಯೇ ಹತ್ತಿರದ ದವಾಖಾನೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.