ಬಲ್ಬು ಆರುವ ತನಕ

ಹಂಸಾ ಮಿಠಾಯಿ ಪೊಟ್ಟಣ ಕಟ್ಟುತ್ತಿದ್ದಳು. ಒಂದು ಪೊಟ್ಟಣಕ್ಕೆ ಹತ್ತು, ಬಾಯಿ ಮಡಿಸಿ ಮೇಲೊಂದು ತುಂಡು ಟೇಪು. ಎದುರಿಗೆ ಕುರ್ಚಿಯಲ್ಲಿ ಕೂತ ಚಿಕ್ಕಪ್ಪ ಉದಯಶಂಕರ್ ಅದನ್ನೇ ನೋಡುತ್ತಿದ್ದರು. ತಿಂಗಳ ಹಿಂದಿನವರೆಗೂ ಇದು ಅವರ ಕೆಲಸ. ಈಗ ಎಡಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಒಮ್ಮೆ ಟೇಪು ಹರಿದುಕೊಡೋಣವೆಂದು ಕೈ ಚಾಚಿದರು. ಬೆರಳು ಹೇಳಿದ ಮಾತು ಕೇಳಲಿಲ್ಲ. ಕೈಯನ್ನು ಮೆಲ್ಲಗೆ ಸ್ವೆಟರಿನ ಜೇಬಿಗೆ ಇಳಿಸಿಕೊಂಡರು. ಹಂಸಾ ತಲೆ ಎತ್ತದೆ ಮುಂದಿನ ಪೊಟ್ಟಣದ ಬಾಯಿ ಮಡಿಸಿದಳು.

ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನ ಆ ಮೂಲೆ ಅಂಗಡಿಯನ್ನು ಅಲ್ಲಿಯವರು ಡೈರಿ ಅನ್ನುತ್ತಾರೆ. ಹೆಸರಿಗೆ ಹಾಲಿನಂಗಡಿ, ಆದರೆ ಬ್ರೆಡ್ಡು, ಪೇಪರು, ಸಿಗರೇಟು, ಬೆಕ್ಕಿನ ಊಟ ಎಲ್ಲವೂ ಸಿಗುತ್ತದೆ. ಮೈಸೂರಿನಲ್ಲಿ ಹನ್ನೊಂದು ವರ್ಷ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದ ಉದಯಶಂಕರ್‌ಗೆ ಆಕ್ಲೆಂಡಿನಲ್ಲಿ ಆ ಕೆಲಸ ದಕ್ಕಲಿಲ್ಲ. ಹೆಂಡತಿ ಕಾತ್ಯಾಯಿನಿಗೆ ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ ಸಿಕ್ಕಿತು, ಇವರು ಅಂಗಡಿ ಹಿಡಿದರು. ಮಗು ಹುಟ್ಟಿದಾಗ ನೋಡಿಕೊಳ್ಳಲು ನಂಜನಗೂಡಿನಿಂದ ದೊಡ್ಡಮ್ಮನ ಮೊಮ್ಮಗಳು ಹಂಸಾಳನ್ನು ಕರೆಸಿಕೊಂಡರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಮನೆಯಲ್ಲಿದ್ದ ಹುಡುಗಿ, ಬಾಯಿ ಕಡಿಮೆ, ಕಣ್ಣು ಜಾಸ್ತಿ. ಆರು ತಿಂಗಳ ಪ್ರವಾಸಿ ವೀಸಾ. ಒಂದು ಸಲ ಅವಧಿ ಮುಂದಕ್ಕೆ ಹೋಯಿತು, ಇನ್ನೊಂದು ಸಲ ಹೋಗಲಿಲ್ಲ. "ಪುಟ್ಟಿ ಸ್ಕೂಲಿಗೆ ಸೇರ್ಲಿ, ಆಮೇಲೆ ನೋಡೋಣ ಕಣೆ" ಎಂದಿದ್ದರು ಕಾತ್ಯಾಯಿನಿ. ಪುಟ್ಟಿ ಸ್ಕೂಲಿಗೆ ಸೇರಿದಳು. ಆಮೇಲೆ ಯಾರೂ ನೋಡಲಿಲ್ಲ.

ಬದಲಿಗೆ ಉದಯಶಂಕರ್ ಒಂದು ಬಲ್ಬು ಹಾಕಿದರು. ಗಲ್ಲಾಪೆಟ್ಟಿಗೆಯ ಕೆಳಗೆ ಸ್ವಿಚ್ಚು, ಹಿಂದಿನ ಅಡಿಗೆಕೋಣೆಯಲ್ಲಿ ಕೆಂಪು ಬಲ್ಬು. ವೈರನ್ನು ಗೋಡೆಯೊಳಗೆ ಕಾಣದಂತೆ ಎಳೆದು, ಎಂಜಿನಿಯರಿಂಗ್ ಓದಿದ್ದು ಇವತ್ತು ಸಾರ್ಥಕವಾಯಿತು ಎಂದು ನಕ್ಕಿದ್ದರು. ಕಾನೂನು ಸುಲಭವಾಗಿತ್ತು. ಬಲ್ಬು ಹತ್ತಿದರೆ ಇಮಿಗ್ರೇಷನ್ನಿನವರೋ ಕೌನ್ಸಿಲ್ಲಿನವರೋ ಬಂದಿದ್ದಾರೆ ಎಂದು ಅರ್ಥ. ಒಲೆ ಆರಿಸು, ಚಿಲಕ ಹಾಕು, ಉಸಿರೆತ್ತಬೇಡ. ಬಲ್ಬು ಆರುವ ತನಕ ಹೊರಗೆ ಬರಬೇಡ.

ತಿಂಗಳ ಹಿಂದಿನ ಆ ಜೂನ್ ಬೆಳಿಗ್ಗೆ, ಅಲ್ಲಿನ ನಡುಚಳಿಗಾಲದಲ್ಲಿ, ಆರು ಗಂಟೆಗೆ ಇನ್ನೂ ಕತ್ತಲಿತ್ತು. ಹಂಸಾ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಬಲ್ಬು ಹತ್ತಿತು. ಓವನ್ನಿನ ಗಡಿಯಾರ ಆರು ಐದು ತೋರಿಸುತ್ತಿತ್ತು. ಒಲೆ ಆರಿಸಿದಳು, ಚಿಲಕ ಹಾಕಿದಳು, ಈರುಳ್ಳಿ ಮೂಟೆಯ ಪಕ್ಕ ಕೂತಳು. ಆಗ ಪೇಪರ್ ಸ್ಟ್ಯಾಂಡು ದಡಾರನೆ ಬಿತ್ತು. ಇಮಿಗ್ರೇಷನ್ನಿನವರು ಸ್ಟ್ಯಾಂಡು ಬೀಳಿಸುವುದಿಲ್ಲ. ಆಮೇಲೆ ಚಿಕ್ಕಪ್ಪ ಒಂದೇ ಸಲ "ಅಮ್ಮಾ" ಎಂದರು. ಅಷ್ಟರಲ್ಲಿ ಅವಳಿಗೆ ಎಲ್ಲ ಗೊತ್ತಾಗಿತ್ತು.

ಹಿಂದಿನ ಕಿಟಕಿಯಿಂದ ಬೀದಿದೀಪದ ಕೆಳಗೆ ಒಂದು ಬಿಳಿ ಯೂಟ್ ಕಂಡಿತು, ಹಿಂದೆ ಸಾಮಾನು ಹೇರುವ ತೆರೆದ ಗಾಡಿ. ತಲೆಗೆ ಮುಸುಕು ಎಳೆದುಕೊಂಡ ಇಬ್ಬರು ಓಡಿಬಂದು ಹತ್ತಿದರು. ಒಬ್ಬನ ಕೈಯಲ್ಲಿ ಉದ್ದನೆಯ ಕತ್ತಿ. ದಿನವಿಡೀ ಆ ಕಿಟಕಿಯ ಹಿಂದೆ ನಿಂತು ಬೀದಿ ನೋಡುವುದೇ ಹಂಸಾಳ ಹೊತ್ತುಗಳೆತ. ನಂಬರು ತಾನಾಗಿ ಕಣ್ಣಿಗೆ ಅಂಟಿಕೊಂಡಿತು, ಮೂರು ಅಕ್ಷರ, ಮೂರು ಅಂಕಿ.

ಗೋಡೆಯ ಫೋನು ಮೂರು ಹೆಜ್ಜೆ ದೂರದಲ್ಲಿತ್ತು. ಫೋನು ಮಾಡಿದರೆ ಮೊದಲು ಹೆಸರು ಕೇಳುತ್ತಾರೆ. ಹಂಸಾ ಬಲ್ಬು ನೋಡಿದಳು. ಅದು ಇನ್ನೂ ಉರಿಯುತ್ತಿತ್ತು. ಬಲ್ಬು ಆರುವ ತನಕ ಹೊರಗೆ ಬರಬಾರದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆರಿಸಬೇಕಾದವರು ಅಂಗಡಿಯ ನೆಲದ ಮೇಲೆ ಬಿದ್ದಿದ್ದಾರೆಂದು ತಿಳಿದೂ ಹೇಳಿಕೊಂಡಳು. ನಡುವೆ ಒಮ್ಮೆ "ಹಂಸಾ" ಎಂದು ಕ್ಷೀಣವಾಗಿ ಕರೆದದ್ದು ಕೇಳಿಸಿತು. ಮೊಣಕಾಲಿಗೆ ಮುಖ ಒತ್ತಿಕೊಂಡಳು.

ಫೋನು ಎತ್ತಿದಾಗ ಗಡಿಯಾರದಲ್ಲಿ ಆರು ಮೂವತ್ತೊಂದು. ವಿಳಾಸ ಹೇಳಿ, ಹೆಸರು ಕೇಳುವುದರೊಳಗೆ ಇಟ್ಟುಬಿಟ್ಟಳು. ಬಾಗಿಲು ತೆಗೆದರೆ, ಉದಯಶಂಕರ್ ಸ್ವೆಟರಿನಲ್ಲಿ ರಕ್ತ ಸೋರುವ ಕೈ ಸುತ್ತಿಕೊಂಡು ಫ್ರಿಜ್ಜಿಗೆ ಒರಗಿದ್ದರು. ಅವಳನ್ನು ಕಂಡು ಅವರೆಂದದ್ದು ಇಷ್ಟೇ: "ಪೊಲೀಸ್ ಬರ್ತಾರೆ. ನೀನು ಹಿಂದಿನ ಗೇಟಲ್ಲಿ ಮನೆಗೆ ಹೋಗ್ಬಿಡು." ಅವಳು ಹೋಗಿಬಿಟ್ಟಳು.

ಪೊಲೀಸರೂ ಬೇಗ ಬರಲಿಲ್ಲ. ಇನ್ನೂ ಐವತ್ತು ನಿಮಿಷ ಹಿಡಿಯಿತು. ಬೆರಳಚ್ಚು ತೆಗೆಯುವವರು ಎರಡು ದಿನ ಬಿಟ್ಟು ಬಂದರು, ಅಷ್ಟರಲ್ಲಿ ಕಾತ್ಯಾಯಿನಿ ಬ್ಲೀಚ್ ಹಾಕಿ ನೆಲ ತಿಕ್ಕಿಯಾಗಿತ್ತು. ಮೂರನೇ ವಾರ ಒಂದು ಕಾಗದ ಬಂತು. ಸಾಕ್ಷಿ ಇಲ್ಲ, ಸುಳಿವಿಲ್ಲ, ಸದ್ಯಕ್ಕೆ ಫೈಲು ಬದಿಗಿಟ್ಟಿದ್ದೇವೆ, ಜೊತೆಗಿರುವ ಕರಪತ್ರದಲ್ಲಿ ಮನಸ್ಸಿನ ಸಮಾಧಾನಕ್ಕೆ ಫೋನ್ ನಂಬರ್ ಇದೆ. ಉದಯಶಂಕರ್ ಆ ಕರಪತ್ರವನ್ನು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿ ಬಂದವರಿಗೆಲ್ಲ ತೋರಿಸಿದರು. ಅದರಿಂದಲೇ, ಪೊಲೀಸರನ್ನು ಕರೆಸಿ ಕೇಳಲು, ಅಲ್ಲಿನ ಕನ್ನಡಿಗರ ಸಂಘದ ಭಾನುವಾರದ ಸಭೆ ಹುಟ್ಟಿತು.

ಈ ಪೊಟ್ಟಣಗಳು ಸಭೆಗೆ ಬರುವ ಮಕ್ಕಳಿಗೆ. ಕಟ್ಟಿ ಮುಗಿಸಿ ಎಲ್ಲರೂ ಹಾಲ್‌ಗೆ ಹೊರಟರು.

ಚುನಾವಣೆಯ ವರ್ಷ. ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಹಂಸಾ ಹಿಂದಿನ ಮೇಜಿನಲ್ಲಿ ಚಹಾ ಬಗ್ಗಿಸುತ್ತಿದ್ದಳು. ಸಂಘದ ಕಾರ್ಯದರ್ಶಿ ಗುರುದತ್ ಲೋಟ ಹಿಡಿದು ಅಲ್ಲೇ ಭಾಷಣ ಶುರುಮಾಡಿದ್ದರು.

"ನನ್ನ ಕಾರಿನ ವಾರಂಟ್, ಅದೇ ಫಿಟ್ನೆಸ್ ಸರ್ಟಿಫಿಕೇಟು, ಮುಗಿದು ಮೂರು ದಿನ ಆಗಿತ್ತು ಕಣ್ರೀ, ಮೂರೇ ದಿನ. ಎಲ್ಲಿಂದ ಬಂದನೋ ಪೊಲೀಸು ಮಾರಾಯ, ಪೊದೆಯಿಂದ ಹುಲಿ ಬಂದ ಹಾಗೆ ಬಂದ! ಅದೇ ಉದಯಣ್ಣನ ಅಂಗಡಿಗೆ ಕಳ್ಳರು ಕತ್ತಿ ಹಿಡ್ಕೊಂಡು ಬಂದ್ರೆ? ಲೈನ್‌ನಲ್ಲಿರಿ ಅಂತಾರೆ."

"ಕಳ್ಳರ ಕೈಲೂ ವಾರಂಟ್ ಮುಗಿದ ಕಾರು ಕೊಡ್ಬೇಕು ಹಾಗಾದ್ರೆ" ಎಂದರು ಯಾರೋ. ನಗೆ ಎದ್ದಿತು. ಹಂಸಾ ಬಗ್ಗಿಸುತ್ತಿದ್ದ ಚಹಾ ಲೋಟ ತುಂಬಿ ಮೇಜಿಗೆ ಹರಿಯಿತು.

"ಮೆಲ್ಲಗೆ ಕಣಮ್ಮ" ಎಂದರು ಗುರುದತ್. "ನೀನು ಇವ್ರ ಮನೆ ಹುಡುಗಿ ತಾನೇ? ಆವತ್ತು ನೀನಿರಲಿಲ್ಲ, ದೇವರು ದೊಡ್ಡವನು."

ಹಂಸಾ ಮೇಜು ಒರೆಸಿದಳು.

ವೇದಿಕೆಯ ಮೇಲೆ ಪೊಲೀಸ್ ಅಧಿಕಾರಿಯೊಬ್ಬರು ಕಾಗದ ನೋಡಿ ಇಂಗ್ಲಿಷಿನಲ್ಲಿ ಓದಿದರು. ಅವತ್ತು ಆ ಭಾಗಕ್ಕೆ ಇದ್ದದ್ದು ಒಂದೇ ಕಾರು, ಅದು ನ್ಯೂ ಲಿನ್ ಕಡೆ ಹೋಗಿತ್ತು, ಅದಕ್ಕೆ ವಿಷಾದವಿದೆ. ಆದರೆ ಕರೆ ಬಂದದ್ದು ಆರು ಮೂವತ್ತೊಂದಕ್ಕೆ.

"ಸುಳ್ಳು!" ಜನ ಕೂಗಿದರು. "ಆರು ಐದಕ್ಕೆ ಹೊಡೆದಿದ್ದಾರೆ! ತಮ್ಮ ಮರ್ಯಾದೆ ಉಳಿಸ್ಕೊಳ್ಳೋಕೆ ಟೈಮ್ ಬದಲಾಯಿಸಿದ್ದಾರೆ!"

ಅಧಿಕಾರಿಯ ಮುಖ ಕೆಂಪಾಯಿತು. ಕರೆ ಮಾಡಿದ್ದು ಒಂದು ಹೆಣ್ಣುದನಿ, ಹೆಸರು ಹೇಳಲಿಲ್ಲ, ಆಕೆ ಏನಾದರೂ ಕಂಡಿದ್ದರೆ ಮುಂದೆ ಬರಲಿ, ಫೈಲು ಮತ್ತೆ ತೆರೆಯುತ್ತೇವೆ ಎಂದರು. ಉದಯಶಂಕರ್ ಕಡೆ ತಿರುಗಿ, ಆಕೆ ಯಾರೆಂದು ನಿಮಗೆ ಗೊತ್ತೇ ಎಂದು ಕೇಳಿದರು.

ಚಿಕ್ಕಪ್ಪನ ಕಣ್ಣು ಜನರ ತಲೆಗಳ ಮೇಲಿಂದ ಹಾದು ಚಹಾದ ಮೇಜಿಗೆ ಬಂತು, ಒಂದು ಗಳಿಗೆ ನಿಂತಿತು, ಹೊರಟುಹೋಯಿತು.

"ಯಾರೋ ದಾರಿಹೋಕರಿರಬೇಕು" ಎಂದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಜನ ಚಪ್ಪಾಳೆ ತಟ್ಟಿ "ಮಾತಾಡಿ ಸಾರ್" ಎಂದರು, ಮೈಕು ಕೈಯಲ್ಲಿತ್ತು. ಉದಯಶಂಕರ್ ಗಾಯದ ಕೈ ಎತ್ತಿ ತೋರಿಸಿದರು. "ಈ ಸರ್ಕಾರಕ್ಕೆ ಬಾಗಿಲು ಕಾಯೋದಕ್ಕೇ ಬರಲ್ಲ. ಕತ್ತಿ ಹಿಡಿದವನು ನಮ್ಮ ಅಂಗಡಿಗೆ ನುಗ್ತಾನೆ, ಕೇಳೋರಿಲ್ಲ. ವೀಸಾ ಮುಗಿದವರು ಸಾವಿರಗಟ್ಟಲೆ ಊರೊಳಗೆ ಬಚ್ಚಿಟ್ಟುಕೊಂಡಿದ್ದಾರೆ, ಅವರನ್ನೂ ಕೇಳೋರಿಲ್ಲ. ಸಾಲಿನಲ್ಲಿ ನಿಂತು, ವೀಸಾಕ್ಕೆ ಪಾಯಿಂಟ್ಸ್ ಎಣಿಸಿ, ಫೀಸ್ ಕಟ್ಟಿ ಬಂದ ನಾವು ಮುಠ್ಠಾಳರು!"

ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ಕಾತ್ಯಾಯಿನಿಯೂ ಎದ್ದರು, ಎಲ್ಲರೂ ಎದ್ದದ್ದರಿಂದ. ಕೈ ಮಾತ್ರ ಬ್ಯಾಗಿನ ಮೇಲೇ ಇತ್ತು. ಹಂಸಾ ಖಾಲಿ ಲೋಟಗಳನ್ನು ಒಂದರೊಳಗೊಂದು ಇಡುತ್ತ ಹೋದಳು. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲು ತನಗೆ ಯಾವ ಹಕ್ಕಿದೆ ಅನ್ನಿಸಿತು. ಸುಳ್ಳುಗಾರನೆನಿಸಿಕೊಂಡು ತಲೆ ತಗ್ಗಿಸಿ ಕೂತಿದ್ದ ಆ ಅಪರಿಚಿತ ಅಧಿಕಾರಿಯ ಬೋಳುತಲೆಯನ್ನೇ ನೋಡಿದಳು. ಆತ ತಡವಾಗಿ ಬಂದದ್ದು ನಿಜ. ಆದರೆ ಮೊದಲ ಇಪ್ಪತ್ತಾರು ನಿಮಿಷ ಆತನದಾಗಿರಲಿಲ್ಲ.

ವಾಪಸು ಬರುವಾಗ ಕಾತ್ಯಾಯಿನಿ ಕಾರು ಓಡಿಸಿದರು. ಹಿಂದೆ ಪುಟ್ಟಿ ತನ್ನ ಸೀಟಿನಲ್ಲಿ ಹಂಸಾಳ ಬೆರಳು ಹಿಡಿದು ನಿದ್ದೆಹೋಗಿದ್ದಳು. ಹಿಲ್ಸ್‌ಬರೋ ದಾಟಿತು. ಆಮೇಲೆ ಉದಯಶಂಕರ್ ಕಿಟಕಿಯ ಕಡೆ ಮುಖ ಮಾಡಿ, "ಜನ ಇದ್ದಾಗ ಏನೇನೋ ಬಾಯಿಗೆ ಬರುತ್ತೆ. ಮನಸ್ಸಿಗೆ ಹಚ್ಕೋಬೇಡ" ಎಂದರು.

"ಚಿಕ್ಕಪ್ಪ, ಆವತ್ತು ಸ್ವಿಚ್ ಯಾಕೆ ಒತ್ತಿದ್ರಿ?" ಹಂಸಾ ಕೇಳಿದಳು. "ನಾನು ಫೋನ್ ಮಾಡ್ಲಿ ಅಂತಾನಾ?"

ಅವರು ಕಿಟಕಿಯಿಂದ ಮುಖ ತಿರುಗಿಸಿದರು. "ಅವನ ಕೈಲಿ ಕತ್ತಿ ಇತ್ತು. ನೀನು ಹೊರಗೆ ಬರಬಾರದು ಅಂತ ಒತ್ತಿದೆ."

ಅವರು ಬೈದಿದ್ದರೆ ಹಗುರವಾಗುತ್ತಿತ್ತು.

"ಯೂಟ್ ನಂಬರ್ ನನಗೆ ಗೊತ್ತು" ಎಂದಳು ಹಂಸಾ. ದನಿ ತನ್ನದಲ್ಲವೆಂಬಂತೆ ಕೇಳಿಸಿತು. "ಕಿಟಕೀಲಿ ನೋಡ್ದೆ. ಆಗ್ಲೇ ಗೊತ್ತಿತ್ತು."

ಕಾರು ಒಂದು ಕ್ಷಣ ನಿಧಾನವಾಗಿ ಮತ್ತೆ ಓಡಿತು. "ಸುಮ್ನಿರೇ" ಎಂದರು ಕಾತ್ಯಾಯಿನಿ, ಹೆಚ್ಚುಕಡಿಮೆ ಬೇಡಿಕೊಳ್ಳುವ ಹಾಗೆ. "ಮೊದಲು ನಿನ್ನನ್ನ ವಿಮಾನ ಹತ್ತಿಸ್ತಾರೆ. ಆಮೇಲೆ ಇಟ್ಕೊಂಡಿದ್ದಕ್ಕೆ ನಮ್ಮನ್ನ ಕೇಳ್ತಾರೆ. ಕಳ್ಳರನ್ನ ಹಿಡೀತಾರೋ ಇಲ್ವೋ, ಅದು ದೇವರಿಗೇ ಗೊತ್ತು."

ಅದೂ ಸುಳ್ಳಲ್ಲವೆಂದು ಹಂಸಾಳಿಗೆ ಗೊತ್ತಿತ್ತು. ಮುಂದಿನ ತಿರುವಿನಲ್ಲಿ ಪೊಲೀಸ್ ಠಾಣೆಯ ನೀಲಿ ಬೋರ್ಡು ಕಾಣತೊಡಗಿತು. ಸಿಗ್ನಲ್ ಕೆಂಪಾಗಿ ಕಾರು ನಿಂತಿತು. ಮೂವರೂ ಆ ಕೆಂಪು ದೀಪವನ್ನೇ ನೋಡುತ್ತ ಕೂತರು. ಹಂಸಾ ಪುಟ್ಟಿಯ ಕೈಯಿಂದ ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡಳು.

ದೀಪ ಹಸಿರಾಯಿತು.

"ಚಿಕ್ಕಮ್ಮ, ಆ ಬೋರ್ಡ್ ಹತ್ರ ನನ್ನನ್ನ ಇಳಿಸಿ."