ಸೋಮಮ್ಮನವರು ಟ್ರ್ಯಾಕ್ಟರ್ ಆರಿಸಿದ್ದು

೧
ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟ್ ಹೀಗಿತ್ತು: ‘ಪರರ ಹೊಲ ಉಳುತ್ತಲೇ ಬೆನ್ನು ಬಾಗಿದ ಅಪ್ಪನ ಮಗಳು ಸೋಮಮ್ಮ...’ ಇದನ್ನು ಸೋಮಮ್ಮನವರಿಗೇ ಓದಿ ಹೇಳಿದೆ. ಹಿನಕಲ್ಲಿನ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ.

“ಅಪ್ಪನ್ನ ಬುಟ್ಬುಡಿ ಸಾರ್. ಕನಿಕರದ ಕಥೆ ಬ್ಯಾಡ. ಟ್ರ್ಯಾಕ್ಟರ್ ತಗೊಂಡೋಳು ನಾನು.”

ಹರಿದು ಹಾಕಿದೆ. (ಒಳ್ಳೆಯ ವಾಕ್ಯವಾಗಿತ್ತು, ಓದುಗರೇ. ಹೊಟ್ಟೆ ಉರಿಯುತ್ತದೆ.)

ಮತ್ತೆ ೧
ಸೋಮಮ್ಮನವರು ಹುಡುಗಿಯಾಗಿದ್ದಾಗ ರೇಷ್ಮೆ ನೂಲು ತೆಗೆದರು. ಆಮೇಲೆ ಸಿಟಿ ಬಸ್ಸಿನ ಕಂಡಕ್ಟರ್ ಆದರು. ಅದನ್ನೂ ಬಿಟ್ಟು ಹೆಂಗಸರಿಗೆ ಡ್ರೈವಿಂಗ್ ಸ್ಕೂಲ್ ತೆರೆದರು. ಜಯಲಕ್ಷ್ಮಿಪುರಂನ ಅರ್ಧದಷ್ಟು ಅತ್ತೆಯಂದಿರು ಕ್ಲಚ್ ಹಿಡಿಯಲು ಕಲಿತದ್ದು ಅವರಿಂದಲೇ. (ಉತ್ಪ್ರೇಕ್ಷೆ. ಕಾಲು ಭಾಗ ಇರಬಹುದು.) ಅರವತ್ತಾದ ಮೇಲೆ ಸ್ಕೂಲನ್ನು ಮಗಳು ಅನುಪಮಾಳಿಗೆ ಒಪ್ಪಿಸಿ, ಇಲವಾಲದ ಆಚೆ ಸೀಬೆ ಗಿಡಗಳಿದ್ದ ಒಂದು ತುಂಡು ಜಮೀನು ಕೊಂಡರು. ಆ ಮನೆತನದಲ್ಲಿ ಪಹಣಿ ಏರಿದ ಮೊದಲ ಹೆಸರು ಅವರದು.

ಗಂಡ ಸಿದ್ದಪ್ಪಾಜಿ ಬನ್ನಿಮಂಟಪದಲ್ಲಿ ಟೈಲರಾಗಿದ್ದವರು. ಹೆಂಡತಿ ಸ್ವಂತ ಟ್ರ್ಯಾಕ್ಟರ್ ಕೊಳ್ಳುವುದು ಅವರಿಗೆ ಒಪ್ಪಿಗೆಯಿರಲಿಲ್ಲ.

“ಬಾಡಿಗೆ ಟ್ರ್ಯಾಕ್ಟರ್ ಕರೆಸಿದ್ರಾಯ್ತು. ಮಂಡಿನೋವು ಇಟ್ಕೊಂಡು ನಿಂಗ್ಯಾಕೆ ಸೋಮಿ?”

“ಬಾಡಿಗೆಯೋನು ಬರೋಗಂಟ ನೆಲದ ಹದ ಕಾಯ್ತದಾ?”

೨
ಶೋರೂಮಿನಲ್ಲಿ ಸಮರ್ಥ ಎಂಬ ಸೇಲ್ಸ್‌ನವನು ಎಲ್ಲವನ್ನೂ ಸಿದ್ದಪ್ಪಾಜಿಗೇ ವಿವರಿಸಿದ. ಇಲ್ಲಿ ಸೋಮಮ್ಮನವರ ಬಾಯಿಗೆ ಒಂದು ಖಾರದ ಡೈಲಾಗ್ ಕೊಟ್ಟಿದ್ದೆ. ಅವರು ತೆಗೆಸಿದರು. ನಡೆದದ್ದು ಇಷ್ಟೇ: ಸಿದ್ದಪ್ಪಾಜಿ, “ನಂಗೆ ಹೊಲಿಗೆ ಮಿಷಿನ್ ಬುಟ್ರೆ ಏನೂ ಗೊತ್ತಿಲ್ಲಪ್ಪ, ಅವ್ರನ್ನ ಕೇಳು” ಅಂದರು. ಅವರು ತೋರಿಸಿದ ಕಡೆ ಸೋಮಮ್ಮನವರು ಆಗಲೇ ಎಲ್ಲಕ್ಕಿಂತ ದೊಡ್ಡ ಕೆಂಪು ಟ್ರ್ಯಾಕ್ಟರ್ ಹತ್ತಿ ಕೂತಿದ್ದರು.

ಅದೇ ಬೇಕಿತ್ತು ಅವರಿಗೆ. ದಾರಿಯಲ್ಲಿ ಎಲ್ಲರ ತಲೆಗಿಂತ ಮೇಲೆ ಕೂತು ಹೋಗಬೇಕಿತ್ತು. ಪಕ್ಕದ ಪುಟ್ಟ ನೀಲಿಯದನ್ನು ನೋಡಿ, “ಆಟದ ಸಾಮಾನು” ಅಂದರು.

೩
ಸಮರ್ಥ ಡೆಮೋಗೆಂದು ಕೆಂಪು ಟ್ರ್ಯಾಕ್ಟರನ್ನು ಜಮೀನಿಗೇ ತರಿಸಿದ. ಸೋಮಮ್ಮನವರು ಠೀವಿಯಿಂದ ಸಾಲಿಗಿಳಿಸಿದರು. ಸಾಲಿನ ತುದಿಯಲ್ಲಿ ತಿರುಗಿಸಲು ಜಾಗ ಸಾಲಲಿಲ್ಲ. ಹಿಂದಿನ ಚಕ್ರ ಎಳೆಯ ಸೀಬೆ ಗಿಡವೊಂದನ್ನು ನೆಲಕ್ಕೆ ಒರಸಿಹಾಕಿತು. ಇಂಜಿನ್ ಆಫ್ ಮಾಡಿ ಇಳಿದು, ಮುರಿದ ರೆಂಬೆ ಎತ್ತಿಕೊಂಡು ಗಿಡದ ಬುಡದಲ್ಲೇ ನಿಂತರು. ಜೀವಮಾನವಿಡೀ ಇನ್ನೊಬ್ಬರಿಗೆ ತಿರುವು ಕಲಿಸಿದ ಕೈ ಅದು.

(ಗಂಡನ ಬಾಯಲ್ಲಿ ‘ನಾನು ಹೇಳಿರಲಿಲ್ವಾ’ ಬರೆಯಲು ಪೆನ್ನು ಎತ್ತಿದೆ. ಅವರು ಹಾಗೆ ಅನ್ನಲಿಲ್ಲ. ನನ್ನ ಕಥೆ ಹಾಳಾದರೂ ಸರಿ, ಅನ್ನಲಿಲ್ಲ.)

ಸಿದ್ದಪ್ಪಾಜಿ ಜೇಬಿನಿಂದ ಅಳತೆ ಟೇಪ್ ತೆಗೆದು, ಸಾಲುಗಳ ನಡುವಿನ ಜಾಗ ಅಳೆದರು. ಮಾರನೆಯ ದಿನ ಶೋರೂಮಿಗೆ ಹೋಗಿ, ಗಿರಾಕಿಯ ಭುಜ ಅಳೆದಂತೆ ನೀಲಿ ಟ್ರ್ಯಾಕ್ಟರಿನ ಅಗಲ ಅಳೆದರು.

“ಇದು ಸರಿಯಾಗಿ ಕೂರ್ತದೆ ಸೋಮಿ. ದೊಡ್ಡದು ಲೂಸು.”

ಸೋಮಮ್ಮನವರಿಗೆ ನಗು ತಡೆಯಲಾಗಲಿಲ್ಲ. “ಬಾಡಿಗೆಗೆ ಕರ್ಸೋಣ ಅಂತಿದ್ರಲ್ಲಾ?”

“ಬಾಡಿಗೆಯೋನು ಗಿಡ ಮುರಿದ್ರೆ ನಿನ್ನಂಗೆ ನಿಂತು ಸಂಕಟ ಪಡ್ತಾನಾ?”

೫
(ನಾಲ್ಕು ಪೂರಾ ವರ್ಣನೆ. ಕಿತ್ತು ಹಾಕಿದೆ.) ನೀಲಿ ಟ್ರ್ಯಾಕ್ಟರ್ ಸೀಬೆ ಸಾಲುಗಳ ನಡುವೆ ಎಲೆ ಮುಟ್ಟದೆ ಓಡಿತು. ಪಕ್ಕದ ಜಮೀನಿನ ಪುಟ್ಟಣ್ಣ ಬೇಲಿ ಹತ್ತಿರ ಬಂದು ಕೇಳಿದರು: “ಯಾರ್ದು ಸಿದ್ದಪ್ಪಾಜಿ, ಟ್ರ್ಯಾಕ್ಟ್ರು?”

“ನಮ್ಮೋಳ್ದು ಕಣಪ್ಪ,” ಅಂದರು ಸಿದ್ದಪ್ಪಾಜಿ. ಅಂದು, ಅಂಗಿಯ ಕಾಲರ್ ಸರಿಮಾಡಿಕೊಂಡರು.

ಈಗ ಕೊನೆ. ಮಗಳು ಬಂದು ಫೋಟೋ ಹೊಡೆಯುವ ಕೊನೆಯೊಂದಿದೆ. ಗಂಡನೂ ಸ್ಟೇರಿಂಗ್ ಹಿಡಿಯುವ ಕೊನೆ ಇನ್ನೊಂದು. ಯಾವುದಿರಲಿ ಎಂದು ಕೇಳಲು ಬದುವಿಗೆ ಹೋಗಿ ನಿಂತೆ.

“ಇಲ್ಲಿಗೆ ಮುಗಿಸ್ಲಾ, ಸೋಮಮ್ಮನೋರೇ?”

“ಇನ್ನೂ ಅರ್ಧ ಹೊಲ ಅದೆ. ವಸಿ ಪಕ್ಕಕ್ಕೆ ಬನ್ನಿ ಸಾರ್, ತಿರುಗಿಸ್ಕೋಬೇಕು.”

ಪಕ್ಕಕ್ಕೆ ಬಂದೆ.