ತೊಳೆದುಹೋಗದ ಮಾತ್ರೆ

ವೈದ್ಯರು ಹೇಳಬೇಕಾದ ವಿಷಯವನ್ನು ನಾನು ಹೇಳಹೊರಟಿದ್ದೇನೆ. ಸಂಜೆ ತರಗತಿಯಲ್ಲಿ ಓದು ಬರಹ ಕಲಿತಷ್ಟೇ ನನ್ನ ವಿದ್ಯೆ; ಅಧಿಕಪ್ರಸಂಗ ಎನಿಸಿದರೆ ಕ್ಷಮಿಸಬೇಕು.

ಅಕ್ಕನ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಅವಳನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ಮುಗಿದ ಮೇಲೆ ವಿಟಮಿನ್ ಮಾತ್ರೆ ಕೊಡುವುದೂ ನನ್ನದೇ ಕೆಲಸ. "ಮೊದಲೇ ಕೊಟ್ಟುಬಿಡಬೇಡಿ, ರಕ್ತ ತೊಳೆಯುವಾಗ ಯಂತ್ರ ಅದನ್ನೂ ತೊಳೆದುಹಾಕುತ್ತೆ" ಎಂದು ನರ್ಸ್ ಎಚ್ಚರಿಸಿದ್ದರು. ಅಕ್ಕ ಯಂತ್ರದ ಪಕ್ಕ ಮಲಗಿದ್ದಷ್ಟು ಹೊತ್ತೂ ನಾನು ಮಾತ್ರೆಯಿದ್ದ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಅಕ್ಕ, ಭಾವ ಲಾಂಡ್ರಿ ನಡೆಸುವವರು. ಅವಳಿಗೆ ಇದು ನನಗಿಂತ ಬೇಗ ಅರ್ಥವಾಯಿತು.

"ಕಲೆ ಹೋಗೋ ಹಾಗೆ ಉಜ್ಜಿದ್ರೆ ಬಣ್ಣಾನೂ ಹೋಗುತ್ತೆ ಕಣೋ. ನನ್ನ ನೋಡು, ಹಳೇ ದಿಂಬಿನ ಕವರ್ ಆಗಿದೀನಿ."

"ಅದಕ್ಕೇ ಅಲ್ವೇನಕ್ಕಾ ಮಾತ್ರೆ?"

"ಇವತ್ತು ನುಂಗೋದು, ನಾಡಿದ್ದು ತೊಳೆಸ್ಕೊಳ್ಳೋದು. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ!"

ನರ್ಸ್ ನಕ್ಕರು. ನನಗೆ ನಗು ಬರಲಿಲ್ಲ.

ಬರಬರುತ್ತಾ ಅವಳ ಹೃದಯ ಸೋತಿತು. ಯಂತ್ರಕ್ಕೆ ಹಾಕಿದಾಗಲೆಲ್ಲ ರಕ್ತದೊತ್ತಡ ಕುಸಿದು ಎಚ್ಚರ ತಪ್ಪುತ್ತಿತ್ತು. ಡಯಾಲಿಸಿಸ್ ಬಿಟ್ಟರೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ಒಂದು ಬೆಳಿಗ್ಗೆ ನಾನು ಕರೆದೊಯ್ಯಲು ಬಂದಾಗ ಅಕ್ಕ ಹಾಸಿಗೆಯಿಂದಲೇ ಹೇಳಿದಳು:

"ಚಪ್ಪಲಿ ಬಿಚ್ಚಿ ಒಳಗೆ ಬಾ. ಇನ್ನು ನಾನು ಹೋಗಲ್ಲ. ಡಾಕ್ಟ್ರಿಗೂ ಹೇಳಿಯಾಯ್ತು."

"ಹುಚ್ಚುಚ್ಚಾಗಿ ಮಾತಾಡ್ಬೇಡ."

"ಸಾಕಾಯ್ತು ಕಣೋ, ಬಿಡು."

ನಾನು ಭಾವನ ಕಡೆ ನೋಡಿದೆ. ಅವರು ಆಗಲೇ ಇಸ್ತ್ರಿಯಾಗಿ ಮಡಿಸಿಟ್ಟಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಇಸ್ತ್ರಿ ಮಾಡುತ್ತಿದ್ದರು.

ಮಧ್ಯಾಹ್ನ, ಬೇರೆ ದಿನ ಯಂತ್ರದಿಂದ ಬಿಡಿಸುತ್ತಿದ್ದ ಹೊತ್ತಿಗೆ ಸರಿಯಾಗಿ, ಅಕ್ಕ ಅಂಗೈ ಚಾಚಿದಳು.

"ಎಲ್ಲಿ, ನನ್ನ ಮಾತ್ರೆ?"

"ಡಯಾಲಿಸಿಸ್ ಆದ ಮೇಲೆ ಅಂತಲ್ವಾ ಅವ್ರು ಹೇಳಿರೋದು..."

"ಅಯ್ಯೋ ಪೆದ್ದಾ, ಇವತ್ತು ಯಾರೂ ತೊಳೆಯಲ್ಲ. ಇದು ಪೂರ್ತಿ ನಂದೇ."

ನರ್ಸನ್ನು ಕೇಳೋಣವೆಂದು ಫೋನ್ ತೆಗೆದೆ. ಏನೆಂದು ಕೇಳುವುದು? ಕೆಳಗಿಟ್ಟು ಮಾತ್ರೆ ಕೊಟ್ಟೆ. ಇಷ್ಟು ದಿನ ಡಾಕ್ಟರು ಹೇಳಿದಂತೆ ಗುಟುಕು ಎಣಿಸಿ ನೀರು ಕುಡಿಯುತ್ತಿದ್ದವಳು ಲೋಟ ಪೂರ್ತಿ ಖಾಲಿ ಮಾಡಿದಳು. ಮರುದಿನವೂ ಕೇಳಿದಳು, ಕೊಟ್ಟೆ. ಆಮೇಲೆ ಕೇಳುವಷ್ಟು ಶಕ್ತಿ ಇರಲಿಲ್ಲ. ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು.

ಆ ಮಾತ್ರೆ ಅವಳ ಮೈಯಲ್ಲಿ ಉಳಿದು ಏನಾದರೂ ಮಾಡಿತೋ ಇಲ್ಲವೋ, ಅವಳು ಅದನ್ನು ಆಸೆಯಿಂದ ನುಂಗಿದಳೋ, ಬರೀ ನನ್ನ ಸಮಾಧಾನಕ್ಕೆ ನುಂಗಿದಳೋ, ನನಗೆ ಗೊತ್ತಿಲ್ಲ.